ಮಧ್ಯಾಹ್ನ ಮೂರಾದರೆ ಲೆನ್ಸ್ ಚುಚ್ಚುತ್ತದೆ, ಏನು ಮಾಡಲಿ?

ಪ್ರಶ್ನೆ: ನನಗೆ 27 ವರ್ಷ. ಕಲಬುರಗಿಯಲ್ಲಿ ಮನೆಯಿಂದಲೇ ಕೆಲಸ. ದಿನಕ್ಕೆ ಒಂಬತ್ತು ಗಂಟೆ ಎಸಿ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಇರುತ್ತೇನೆ. ತಿಂಗಳಿಗೊಮ್ಮೆ ಬದಲಿಸುವ ಕಾಂಟ್ಯಾಕ್ಟ್ ಲೆನ್ಸ್ ನನ್ನದು. ಮಧ್ಯಾಹ್ನ ಮೂರರ ಮೇಲೆ ಕಣ್ಣಲ್ಲಿ ಮರಳು ಬಿದ್ದಂತಾಗುತ್ತದೆ. ಕುತ್ತಿಗೆ ನೋವೆಂದು ಲ್ಯಾಪ್‌ಟಾಪನ್ನು ಪುಸ್ತಕಗಳ ಮೇಲೆ ಎತ್ತರಕ್ಕಿಟ್ಟ ಮೇಲೆ ಇನ್ನೂ ಜಾಸ್ತಿ. ಲೆನ್ಸ್ ಕಂಪನಿ ಬದಲಿಸಿದರೂ ಕಡಿಮೆಯಾಗಲಿಲ್ಲ. ಲೆನ್ಸ್ ಬಿಟ್ಟೇ ಬಿಡಬೇಕಾ?

ಉತ್ತರ: ಈಗಲೇ ಬಿಡಬೇಡಿ. ಇನ್ನೊಂದು ಕಂಪನಿ ಹುಡುಕುವ ಮೊದಲು ನೀವು ಕೂರುವ ಜಾಗ ನೋಡಿ.

ಸುಮ್ನೆ ಕೂತಾಗ ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಸ್ಕ್ರೀನ್ ನೋಡುವಾಗ ಅದು ಅರ್ಧಕ್ಕೂ ಇಳಿಯುವುದುಂಟು. ಬಡಿದರೂ ಎಷ್ಟೋ ಸಲ ಮೇಲಿನ ರೆಪ್ಪೆ ಪೂರ್ತಿ ಕೆಳಗೆ ಬರುವುದಿಲ್ಲ. ಕಣ್ಣೀರು ಆರದಂತೆ ಕಾಯುವುದು ಅದರ ಮೇಲಿನ ತೆಳು ಎಣ್ಣೆ ಪದರ. ರೆಪ್ಪೆ ಪೂರ್ತಿ ಮುಚ್ಚಿದರೇ ಆ ಎಣ್ಣೆ ಸರಿಯಾಗಿ ಹರಡುವುದು. ಅರ್ಧ ಮುಚ್ಚಿದರೆ ಲೆನ್ಸ್‌ನ ಕೆಳಭಾಗ ಒಣಗಿ ಉಜ್ಜುತ್ತದೆ.

ಲ್ಯಾಪ್‌ಟಾಪ್ ಎತ್ತರವಾದಷ್ಟೂ ಕಣ್ಣು ಅಗಲವಾಗಿ ತೆರೆದಿರುತ್ತದೆ, ಹೆಚ್ಚು ಆರುತ್ತದೆ. ನೋಟ ಸ್ವಲ್ಪ ಕೆಳಗಿರುವಂತೆ ಒಂದೆರಡು ಪುಸ್ತಕ ತೆಗೆಯಿರಿ. ಕುತ್ತಿಗೆಗೆ ತೊಂದರೆ ಆಗುವಷ್ಟು ಬೇಡ.

ಎಸಿ ಗಾಳಿಯ ತೇವ ಹೀರುತ್ತದೆ, ನಿಮ್ಮೂರ ಬೇಸಿಗೆಯಲ್ಲಿ ಮೊದಲೇ ತೇವ ಇರುವುದಿಲ್ಲ. ನೀರಿನ ಕೂಲರ್ ಈ ವಿಷಯದಲ್ಲಿ ವಾಸಿ. ಆದರೆ ಎರಡೂ ಮುಖಕ್ಕೆ ನೇರ ಬೀಸಬಾರದು.

ಡ್ರಾಪ್ಸ್ ಬೇಕಾದರೆ ಲೆನ್ಸ್ ಹಾಕಿಕೊಂಡೇ ಬಿಡಬಹುದು ಎಂದು ಡಬ್ಬಿಯ ಮೇಲೆ ಬರೆದಿರುವುದನ್ನೇ ಕೊಳ್ಳಿ, ಪ್ರಿಸರ್ವೇಟಿವ್ (ಕೆಡದಂತೆ ಬೆರೆಸುವ ರಾಸಾಯನಿಕ) ಇಲ್ಲದ್ದಾದರೆ ಒಳ್ಳೆಯದು. ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಪ್ರಿಸರ್ವೇಟಿವ್ ಮೆತ್ತನೆಯ ಲೆನ್ಸ್‌ನೊಳಗೆ ಇಳಿದು ಕಣ್ಣು ಕೆರಳಿಸುತ್ತದೆ. ಕೆಂಪು ಇಳಿಸುವ ಡ್ರಾಪ್ಸ್ ಬೇಡ. ಲೆನ್ಸ್ ತೊಳೆಯುವ ದ್ರಾವಣ ಕಣ್ಣಿಗೆ ಬಿಡುವುದಲ್ಲ. ನಲ್ಲಿ ನೀರಂತೂ ಬೇಡವೇ ಬೇಡ: ಅದರಲ್ಲಿರಬಹುದಾದ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾವನ್ನೇ ಹಾಳು ಮಾಡಬಲ್ಲದು.

ಇಪ್ಪತ್ತು ನಿಮಿಷಕ್ಕೊಮ್ಮೆ ಕಣ್ಣು ಮೆಲ್ಲಗೆ ಪೂರ್ತಿ ಮುಚ್ಚಿ, ಎರಡು ಸೆಕೆಂಡ್ ಬಿಟ್ಟು ತೆರೆಯಿರಿ. ಹತ್ತು ಸಲ ಮಾಡಿ. ಕರೆಯ ನಡುವೆಯೂ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ ಅಲ್ವಾ?

ಸಂಜೆಯ ಕೆಲಸಕ್ಕೆ ಕನ್ನಡಕ ಇರಲಿ. ನೋವು, ಕೆಂಪು, ಬೆಳಕು ಚುಚ್ಚುವುದು, ಮಸುಕು ಕಂಡರೆ ಲೆನ್ಸ್ ತೆಗೆದು ಅಂದೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಇದೆಲ್ಲ ಮಾಡಿಯೂ ಒಂದೆರಡು ವಾರದಲ್ಲಿ ಕಡಿಮೆಯಾಗದಿದ್ದರೆ ದಿನಕ್ಕೊಂದು ಬಿಸಾಡುವ ಲೆನ್ಸ್ ಹೊಂದುತ್ತದಾ ಎಂದು ಪರೀಕ್ಷೆ ಮಾಡಿಸಿ ಕೇಳಿ. ಖರ್ಚು ಜಾಸ್ತಿ, ಆದರೆ ಹಳೆಯ ಕೊಳೆ ಅಂಟಿಕೊಂಡಿರುವುದಿಲ್ಲ.