ಇಬ್ಬರೂ ಬ್ಯಾಪ್ಟಿಸ್ಟ್ ಪಾಸ್ಟರುಗಳೇ, ಬೋಧನೆ ಮಾತ್ರ ಬೇರೆ ಏಕೆ?

ಪ್ರಶ್ನೆ: ನಮ್ಮ ಅಣ್ಣನ ಮನೆಯವರು ಅಮೆರಿಕದ ಟೆಕ್ಸಾಸ್‌ನಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಸಭೆಯೊಂದಕ್ಕೆ ಹೋಗುತ್ತಾರೆ. ಹಿಂದಿನ ಪಾಸ್ಟರ್ ಪ್ರತಿ ಭಾನುವಾರ ಪ್ರಸಂಗ ಮುಗಿಸಿ, ‘ಯೇಸುವನ್ನು ಅಂಗೀಕರಿಸುವವರು ಮುಂದೆ ಬನ್ನಿ’ ಎಂದು ಕರೆಯುತ್ತಿದ್ದರು. ಹೊಸಬರು ಬಂದ ಮೇಲೆ ಆ ಕರೆ ನಿಂತಿದೆ. ಲೋಕ ಹುಟ್ಟುವ ಮೊದಲೇ ದೇವರು ತನ್ನವರನ್ನು ಆರಿಸಿಕೊಂಡಿದ್ದಾನೆ ಎಂದು ಬೋಧಿಸುತ್ತಾರೆ. ಇವರಲ್ಲಿ ನಿಜವಾದ ಬ್ಯಾಪ್ಟಿಸ್ಟ್ ಯಾರು?

ಉತ್ತರ: ಇಬ್ಬರೂ. ಬ್ಯಾಪ್ಟಿಸ್ಟ್ ಎಂಬ ಹೆಸರು ದೀಕ್ಷಾಸ್ನಾನ ಮತ್ತು ಸಭೆಯ ಆಡಳಿತಕ್ಕೆ ಸಂಬಂಧಿಸಿದ್ದು. ತನ್ನ ನಂಬಿಕೆಯನ್ನು ತಾನೇ ಬಾಯಿಬಿಟ್ಟು ಹೇಳಿದವರಿಗಷ್ಟೇ ದೀಕ್ಷಾಸ್ನಾನ, ಕೂಸುಗಳಿಗೆ ಇಲ್ಲ. ಪ್ರತಿ ಸಭೆಯೂ ಸ್ವತಂತ್ರ, ಮೇಲೊಬ್ಬ ಬಿಷಪ್ ಇಲ್ಲ. ಇಷ್ಟು ಒಪ್ಪಿದವರು ಬ್ಯಾಪ್ಟಿಸ್ಟರು. ದೇವರು ಯಾರನ್ನು ಆರಿಸಿದ, ಯೇಸು ಯಾರಿಗಾಗಿ ಸತ್ತ ಎಂಬ ಪ್ರಶ್ನೆಗಳಿಗೆ ಆ ಹೆಸರಿನಲ್ಲಿ ಉತ್ತರವಿಲ್ಲ.

ಈ ಒಡಕು ನಿನ್ನೆ ಮೊನ್ನೆಯದೂ ಅಲ್ಲ. ಇಂಗ್ಲೆಂಡಿನಿಂದ ಹೊರಟು ಆಮ್‌ಸ್ಟರ್‌ಡ್ಯಾಮ್‌ನಲ್ಲಿದ್ದ ಜಾನ್ ಸ್ಮಿತ್ 1609ರಲ್ಲಿ ಮೊದಲ ಸಭೆ ಕಟ್ಟಿದರು. ಅವರ ಜೊತೆಗಾರ ಥಾಮಸ್ ಹೆಲ್ವಿಸ್ ಕೆಲವರನ್ನು ಕರೆದುಕೊಂಡು ಲಂಡನ್ನಿಗೆ ಮರಳಿದರು. ಯೇಸು ಎಲ್ಲರಿಗಾಗಿ ಸತ್ತ ಎನ್ನುತ್ತಿದ್ದುದರಿಂದ ಈ ಸಾಲಿನವರಿಗೆ ‘ಜನರಲ್ ಬ್ಯಾಪ್ಟಿಸ್ಟ್’ ಎಂಬ ಹೆಸರು ಬಂತು. 1630ರ ದಶಕದಲ್ಲಿ ಲಂಡನ್ನಿನಲ್ಲೇ ಬೇರೆ ಬೇರಿನಿಂದ ‘ಪರ್ಟಿಕ್ಯುಲರ್ ಬ್ಯಾಪ್ಟಿಸ್ಟರು’ ಹುಟ್ಟಿದರು: ಯೇಸು ತನ್ನವರೆಂದು ಆರಿಸಿದವರಿಗಾಗಿ ಸತ್ತ ಎಂಬುದು ಇವರ ನಿಲುವು. ಅಲ್ಲಿನ ಏಳು ಸಭೆಗಳು 1644ರಲ್ಲಿ ತಮ್ಮ ವಿಶ್ವಾಸಪ್ರಮಾಣವನ್ನು (ತಾವು ನಂಬುವುದೇನೆಂಬ ಬರಹವನ್ನು) ಹೊರತಂದವು. 1677ರಲ್ಲಿ ಬರೆದು 1689ರಲ್ಲಿ ಸಭೆಗಳು ಒಪ್ಪಿದ ಎರಡನೆಯದು ಇಂದಿಗೂ ಕ್ಯಾಲ್ವಿನಿಸ್ಟ್ ಬ್ಯಾಪ್ಟಿಸ್ಟರ (ರಕ್ಷಣೆ ಯಾರಿಗೆಂದು ದೇವರೇ ಮೊದಲು ಆರಿಸಿದ್ದಾನೆ ಎನ್ನುವ, ಸುಧಾರಕ ಜಾನ್ ಕ್ಯಾಲ್ವಿನ್‌ನ ಹಾದಿಯವರ) ಮುಖ್ಯ ದಾಖಲೆ. ‘ನಾವು 1689ರವರು’ ಎಂದು ಯಾರಾದರೂ ಹೇಳಿದರೆ ಅವರ ನಿಲುವು ಅಲ್ಲಿಗೇ ಗೊತ್ತಾಯಿತು.

1845ರಲ್ಲಿ ಹುಟ್ಟಿದ, ಈ ಸಭೆಗಳ ಒಕ್ಕೂಟವಾದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್‌ನಲ್ಲಿ ಎರಡೂ ನೀರು ಬೆರೆತಿವೆ. ಅದರ ಮೊದಲ ಸೆಮಿನರಿಗಾಗಿ (ಪಾಸ್ಟರುಗಳ ತರಬೇತಿ ಶಾಲೆಗಾಗಿ) 1858ರಲ್ಲಿ ಬರೆದ ತತ್ತ್ವಸಂಗ್ರಹ ಸ್ಪಷ್ಟವಾಗಿ ಕ್ಯಾಲ್ವಿನಿಸ್ಟ್ ಕಡೆಯದು. ಆದರೆ ಇಡೀ ಕನ್ವೆನ್ಷನ್‌ಗೆಂದು 1925ರಲ್ಲಿ ಒಪ್ಪಿದ ‘ಬ್ಯಾಪ್ಟಿಸ್ಟ್ ಫೇತ್ ಅಂಡ್ ಮೆಸೇಜ್’ ಮೆತ್ತಗಿನ ದಾಖಲೆಯಾದ 1833ರ ನ್ಯೂ ಹ್ಯಾಂಪ್‌ಶೈರ್ ಪ್ರಮಾಣದ ಮೇಲೆ ನಿಂತಿದೆ. 1963 ಮತ್ತು 2000ರಲ್ಲಿ ಅದನ್ನು ಪರಿಷ್ಕರಿಸಿದರು. 2000ದ ಸಮಿತಿಯ ಅಧ್ಯಕ್ಷ ಏಡ್ರಿಯನ್ ರಾಜರ್ಸ್ ಕ್ಯಾಲ್ವಿನಿಸ್ಟರಲ್ಲ. ಸದಸ್ಯರಲ್ಲೊಬ್ಬರಾದ ಆಲ್ಬರ್ಟ್ ಮೋಲರ್ ಕ್ಯಾಲ್ವಿನಿಸ್ಟರು. ಐದನೆಯ ಕಲಮು ಹೇಳುವುದಿಷ್ಟು: ದೇವರ ಆಯ್ಕೆ ಉಂಟು, ಅದು ಮನುಷ್ಯನ ಸ್ವತಂತ್ರ ನಡೆಗೆ ವಿರುದ್ಧವಲ್ಲ. ಆಯ್ಕೆ ಯಾವ ಆಧಾರದ ಮೇಲೆ ಎಂಬ ಮಾತನ್ನು ಎತ್ತಿಲ್ಲ. ನಿಮ್ಮ ಅಣ್ಣನವರ ಹಳೆಯ ಪಾಸ್ಟರೂ ಹೊಸ ಪಾಸ್ಟರೂ ಒಂದೇ ಹಾಳೆಗೆ ಸಹಿ ಹಾಕಲು ಸಾಧ್ಯವಾಗಿರುವುದು ಇದರಿಂದಲೇ.

ಪ್ರಶ್ನೆ: ಕ್ಯಾಲ್ವಿನಿಸಂನಲ್ಲಿ ಐದು ಅಂಶಗಳಿವೆ ಎನ್ನುತ್ತಾರೆ. ಬ್ಯಾಪ್ಟಿಸ್ಟ್ ಪಾಸ್ಟರುಗಳ ಜಗಳ ಐದರಲ್ಲೂ ಇದೆಯೇ?

ಉತ್ತರ: ಇಲ್ಲ. ಮೊದಲಿಗೆ, ಈ ಐದು ಅಂಶಗಳ ಪಟ್ಟಿಯನ್ನು ಕ್ಯಾಲ್ವಿನ್ ಮಾಡಿದ್ದಲ್ಲ. ಆತ 1564ರಲ್ಲೇ ತೀರಿಕೊಂಡಿದ್ದ. ಕ್ಯಾಲ್ವಿನಿಸ್ಟರ ಆಯ್ಕೆಯ ಬೋಧನೆಯನ್ನು ಒಪ್ಪದ ಡಚ್ ಪಂಡಿತ ಅರ್ಮಿನಿಯಸ್‌ನ ಅನುಯಾಯಿಗಳು 1610ರಲ್ಲಿ ಐದು ಆಕ್ಷೇಪಗಳನ್ನು ಮುಂದಿಟ್ಟರು. ಹಾಲೆಂಡಿನ ಡಾರ್ಟ್ ಪಟ್ಟಣದಲ್ಲಿ 1618–19ರಲ್ಲಿ ಸೇರಿದ ಸಭೆ ಅವಕ್ಕೆ ಕೊಟ್ಟ ಉತ್ತರವೇ ಈ ಐದು: ಪಾಪದಿಂದ ಮನುಷ್ಯ ಪೂರ್ತಿ ಕೆಟ್ಟಿದ್ದಾನೆ, ದೇವರ ಆಯ್ಕೆಗೆ ಮನುಷ್ಯನಲ್ಲಿರುವ ಯಾವುದೂ ಕಾರಣವಲ್ಲ, ಯೇಸುವಿನ ಮರಣ ಆಯ್ದವರ ರಕ್ಷಣೆಗಾಗಿ, ಆಯ್ದವರು ಕೃಪೆಯನ್ನು ಕೊನೆಯವರೆಗೂ ತಳ್ಳಿಹಾಕಲಾರರು, ನಿಜವಾಗಿ ನಂಬಿದವರು ಬಿದ್ದುಹೋಗುವುದಿಲ್ಲ.

ಐದನೆಯದನ್ನು ಸದರ್ನ್ ಬ್ಯಾಪ್ಟಿಸ್ಟರ ಎರಡೂ ಬಣಗಳು ಒಪ್ಪುತ್ತವೆ. ಮೊದಲನೆಯದನ್ನು ಅರ್ಧ ಒಪ್ಪುವವರು ಬಹಳ. ಗುದ್ದಾಟ ನಡುವಿನ ಮೂರರಲ್ಲಿ, ಅದರಲ್ಲೂ ಮೂರನೆಯದರಲ್ಲಿ. ‘ನಾನು ನಾಲ್ಕು ಅಂಶದವ’ ಎನ್ನುವ ಪಾಸ್ಟರ್ ಸಾಮಾನ್ಯವಾಗಿ ಬಿಟ್ಟಿರುವುದು ಈ ಮೂರನೆಯದನ್ನೇ, ಏಕೆಂದರೆ 1 ಯೋಹಾನ 2:2ರಲ್ಲಿ ‘ಸಮಸ್ತ ಲೋಕ’ದ ಪಾಪಗಳ ಮಾತಿದೆ.

ನಾವು ಕೇಳಿದರೆ, ಎಲ್ಲಕ್ಕಿಂತ ಮುಖ್ಯವಾದ ಗಂಟು ಕ್ರಮದ್ದು. ನಂಬಿದ್ದರಿಂದ ಹೊಸ ಹುಟ್ಟು (ದೇವರು ಮನುಷ್ಯನ ಒಳಗೆ ಕೊಡುವ ಹೊಸ ಜೀವ) ಬಂತೋ, ಹೊಸ ಹುಟ್ಟು ಬಂದಿದ್ದರಿಂದ ನಂಬಿದನೋ? ಕ್ಯಾಲ್ವಿನಿಸ್ಟ್ ಎರಡನೆಯದು ಎನ್ನುತ್ತಾರೆ. ತಂದೆ ಸೆಳೆಯದೆ ಯಾರೂ ಬರಲಾರರು ಎಂಬ ಯೋಹಾನ 6:44 ಅವರ ಆಧಾರ. ಇನ್ನೊಂದು ಕಡೆಯವರು ಮೊದಲನೆಯದು ಎನ್ನುತ್ತಾರೆ. (ಕನ್ನಡದಲ್ಲಿ ಇದಕ್ಕೆ ‘ಪುನರ್ಜನ್ಮ’ ಎಂಬ ಪದ ಬಳಸಬೇಡಿ, ಕೇಳುವವರ ಮನಸ್ಸು ಬೇರೆಡೆಗೆ ಹೋಗುತ್ತದೆ.) ನಮ್ಮವರಿಗೆ ಅರ್ಥವಾಗುವಂತೆ ಹೇಳುವುದಾದರೆ ಶ್ರೀವೈಷ್ಣವರ ಮರ್ಕಟ ಕಿಶೋರ, ಮಾರ್ಜಾಲ ಕಿಶೋರ ನ್ಯಾಯಗಳು ನೆನಪಾಗುತ್ತವೆ: ಮಂಗನ ಮರಿ ತಾಯಿಯನ್ನು ತಾನೇ ಹಿಡಿದುಕೊಳ್ಳುತ್ತದೆ, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಹೋಲಿಕೆ ಅಲ್ಲಿಗೆ ಸಾಕು. ತಾಯಿಬೆಕ್ಕು ಯಾವ ಮರಿಗಳನ್ನು ಎತ್ತಿಕೊಳ್ಳುತ್ತದೆ, ಯಾವುದನ್ನು ಬಿಡುತ್ತದೆ ಎಂಬುದು ಕ್ಯಾಲ್ವಿನಿಸ್ಟರ ಪ್ರಶ್ನೆ. ಆ ನ್ಯಾಯಕ್ಕೆ ಅದರ ಗೊಡವೆಯಿಲ್ಲ.

2012ರಲ್ಲಿ ಕ್ಯಾಲ್ವಿನಿಸ್ಟರಲ್ಲದ ಸದರ್ನ್ ಬ್ಯಾಪ್ಟಿಸ್ಟ್ ಪಾಸ್ಟರುಗಳು ಹತ್ತು ಕಲಮುಗಳ ‘ಸಾಂಪ್ರದಾಯಿಕ ಹೇಳಿಕೆ’ ಹೊರಡಿಸಿದರು. ಪ್ರತಿ ಕಲಮಿನಲ್ಲೂ ಒಂದು ‘ಒಪ್ಪುತ್ತೇವೆ’, ಒಂದು ‘ಅಲ್ಲಗಳೆಯುತ್ತೇವೆ’. ಆದಾಮನ ಪಾಪದಿಂದ ಮನುಷ್ಯನ ಇಚ್ಛಾಶಕ್ತಿ ನಿಷ್ಕ್ರಿಯವಾಗಲಿಲ್ಲ ಎಂಬ ಎರಡನೆಯ ಕಲಮಿನ ಮಾತು ದೊಡ್ಡ ಗಲಾಟೆಗೆ ಕಾರಣವಾಯಿತು. ಇದು ಹಳೆಯ ಅರೆ-ಪೆಲಾಜಿಯನ್ ತಪ್ಪು (ದೇವರ ಕಡೆಗಿನ ಮೊದಲ ಹೆಜ್ಜೆ ಮನುಷ್ಯನದೇ ಎಂಬ ವಾದ) ಎಂದು ಎದುರಾಳಿಗಳು ಆಕ್ಷೇಪಿಸಿದರು. ಆ ಕಲಮನ್ನು ಇನ್ನಷ್ಟು ಬಿಗಿಯಾಗಿ ಬರೆಯಬೇಕಿತ್ತು ಎಂಬುದು ನಮ್ಮ ಅಭಿಪ್ರಾಯವೂ ಹೌದು. ದೇವರ ಕೃಪೆಯೇ ಮೊದಲು ಎಂದು ಅದೇ ಹೇಳಿಕೆ ಬೇರೆಡೆ ಹೇಳುವುದನ್ನು ಆ ಸಾಲು ಮರೆಸಿತು. ಮರುವರ್ಷ ಎರಡೂ ಕಡೆಯವರಿದ್ದ ಸಲಹಾ ಸಮಿತಿ ವರದಿ ಕೊಟ್ಟು, ಭಿನ್ನಾಭಿಪ್ರಾಯ ಇದೆ, ಆದರೂ ಒಟ್ಟಿಗೆ ಮಿಷನ್ ಕೆಲಸ ಮಾಡಬಹುದು ಎಂದಿತು.

ಪ್ರಶ್ನೆ: ಆರಿಸಿ ಆಗಿದೆ ಎಂದ ಮೇಲೆ ಸುವಾರ್ತೆ ಸಾರುವುದೇಕೆ?

ಉತ್ತರ: ಈ ತರ್ಕದಲ್ಲಿ ಜಾರಿಬಿದ್ದ ಬ್ಯಾಪ್ಟಿಸ್ಟರು ಇದ್ದರು. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ, ಆಯ್ದವರು ಯಾರೆಂದು ತಿಳಿಯದೆ ಎಲ್ಲರಿಗೂ ‘ನಂಬಿರಿ’ ಎಂದು ಕರೆಕೊಡುವುದು ಸರಿಯಲ್ಲ ಎಂಬ ಅತಿ-ಕ್ಯಾಲ್ವಿನಿಸಂ ಹಲವು ಸಭೆಗಳಲ್ಲಿ ಬೇರೂರಿತ್ತು. ಇದನ್ನು ಮುರಿದವರು ಸ್ವತಃ ಕ್ಯಾಲ್ವಿನಿಸ್ಟರಾಗಿದ್ದ ಆಂಡ್ರೂ ಫುಲ್ಲರ್. ಸುವಾರ್ತೆಯನ್ನು ನಂಬುವುದು ಕೇಳಿದ ಪ್ರತಿಯೊಬ್ಬರ ಕರ್ತವ್ಯ, ಆದ್ದರಿಂದ ಪ್ರತಿಯೊಬ್ಬರಿಗೂ ಸಾರಬೇಕು ಎಂದು 1785ರಲ್ಲಿ ಪುಸ್ತಕ ಬರೆದರು. 1792ರ ಅಕ್ಟೋಬರ್ 2ರಂದು ಕೆಟರಿಂಗ್‌ನಲ್ಲಿ ಅವರು, ವಿಲಿಯಂ ಕೇರಿ ಮತ್ತಿತರರು ಕಟ್ಟಿದ ಮಿಷನ್ ಸೊಸೈಟಿಯ ಮೂಲ ಹೆಸರಿನಲ್ಲೇ ‘ಪರ್ಟಿಕ್ಯುಲರ್ ಬ್ಯಾಪ್ಟಿಸ್ಟ್’ ಎಂದಿತ್ತು. ಅದೇ ಕೇರಿ ಮುಂದೆ ಸೆರಾಂಪುರದಿಂದ 1817ರಲ್ಲಿ ಕನ್ನಡ ವ್ಯಾಕರಣವೊಂದನ್ನು ಹೊರತಂದರು. ಹಾಗಾಗಿ ಕ್ಯಾಲ್ವಿನಿಸಂ ಬಂದರೆ ಮಿಷನ್ ಸಾಯುತ್ತದೆ ಎಂಬ ಮಾತು ಚರಿತ್ರೆಗೆ ಒಗ್ಗುವುದಿಲ್ಲ. ಅಮೆರಿಕದ ಪ್ರಿಮಿಟಿವ್ ಬ್ಯಾಪ್ಟಿಸ್ಟರು 1832ರಲ್ಲಿ ಮೇರಿಲ್ಯಾಂಡ್‌ನ ಬ್ಲ್ಯಾಕ್ ರಾಕ್‌ನಲ್ಲಿ ಮಿಷನ್ ಸಂಘಗಳಿಂದ ದೂರ ಸರಿದದ್ದೂ ನಿಜ. ಹೊಸ ಪಾಸ್ಟರ್ ಫುಲ್ಲರ್ ಸಾಲಿನವರೋ ಬ್ಲ್ಯಾಕ್ ರಾಕ್ ಸಾಲಿನವರೋ ನೋಡಿಕೊಳ್ಳಿ. ಮುಂದೆ ಬನ್ನಿ ಎಂಬ ಕರೆ ನಿಂತಿತು ಎಂದಷ್ಟಕ್ಕೇ ಎರಡನೆಯ ಸಾಲಿಗೆ ಸೇರಿಸಬೇಡಿ. 19ನೆಯ ಶತಮಾನದ ಲಂಡನ್ನಿನ ಬ್ಯಾಪ್ಟಿಸ್ಟ್ ಪಾಸ್ಟರ್ ಸ್ಪರ್ಜನ್ ವಾರವಾರವೂ ಸಾವಿರಾರು ಜನರಿಗೆ ‘ನಂಬಿರಿ’ ಎಂದು ಬೇಡಿಕೊಂಡ ಕ್ಯಾಲ್ವಿನಿಸ್ಟರು.

ಪ್ರಶ್ನೆ: ನಾನು ಪಾಸ್ಟರ್ ಹುಡುಕುವ ಸಮಿತಿಯಲ್ಲಿದ್ದೇನೆ. ಅಭ್ಯರ್ಥಿಯ ನಿಲುವು ತಿಳಿಯುವುದು ಹೇಗೆ?

ಉತ್ತರ: ‘ನೀವು ಕ್ಯಾಲ್ವಿನಿಸ್ಟರೇ?’ ಎಂದು ಮಾತ್ರ ಕೇಳಬೇಡಿ. ‘ನಾನು ಬೈಬಲಿನವನು’ ಎಂಬ ಉತ್ತರ ಬರುತ್ತದೆ, ನಿಮಗೇನೂ ತಿಳಿಯುವುದಿಲ್ಲ. ಮೊದಲು ಅವರು ಸಹಿ ಹಾಕಲು ಸಿದ್ಧವಿರುವ ವಿಶ್ವಾಸಪ್ರಮಾಣ ಯಾವುದು, ಅದರಲ್ಲಿ ಒಪ್ಪದ ಸಾಲು ಯಾವುದು ಎಂದು ಬರಹದಲ್ಲಿ ತರಿಸಿಕೊಳ್ಳಿ. ಆಮೇಲೆ ರೋಮಾಪುರದವರಿಗೆ 9, ಯೋಹಾನ 6 ಮತ್ತು 1 ತಿಮೊಥೆ 2ರ ಮೇಲೆ ಅವರು ಮಾಡಿದ ಹಳೆಯ ಪ್ರಸಂಗಗಳನ್ನು ಕೇಳಿ. ಮೊದಲೆರಡು ಕ್ಯಾಲ್ವಿನಿಸ್ಟ್ ಕಡೆಗೆ ಎಳೆಯುವ ಅಧ್ಯಾಯಗಳು, ಮೂರನೆಯದು ಇನ್ನೊಂದು ಕಡೆಗೆ. ತಮಗೆ ಅನುಕೂಲವಲ್ಲದ ವಚನವನ್ನು ಅವರು ಹೇಗೆ ನಿಭಾಯಿಸುತ್ತಾರೆ ಎಂಬುದೇ ನಿಮಗೆ ಬೇಕಾದ ಮಾಹಿತಿ.

ಎದುರು ಕೂತಾಗ ಕೇಳಬೇಕಾದ್ದು: ಗೊತ್ತಿಲ್ಲದ ಒಬ್ಬ ವ್ಯಕ್ತಿಗೆ ‘ಕ್ರಿಸ್ತ ನಿನಗಾಗಿ ಸತ್ತ’ ಎಂದು ನೀವು ಹೇಳುತ್ತೀರಾ? ‘ಪಾಪಿಗಳಿಗಾಗಿ ಸತ್ತ, ನೀನು ಬಂದರೆ ತಳ್ಳುವುದಿಲ್ಲ’ ಎಂದು ಮಾತು ತಿರುಗಿಸಿದರೆ ಅವರು ಮೂರನೆಯ ಅಂಶವನ್ನು ಒಪ್ಪಿದವರಿರಬಹುದು. ಏಳು ವರ್ಷದ ಮಗು ದೀಕ್ಷಾಸ್ನಾನ ಕೇಳಿದರೆ ಏನು ಮಾಡುತ್ತೀರಿ? ಮುಂದೆ ಬನ್ನಿ ಎಂಬ ಕರೆ, ಪಾಪಿಯ ಪ್ರಾರ್ಥನೆ (ಪಾಪ ಒಪ್ಪಿಕೊಂಡು ಯೇಸುವನ್ನು ಅಂಗೀಕರಿಸುವ ಪ್ರಾರ್ಥನೆ) ಇವನ್ನು ಉಳಿಸುತ್ತೀರಾ? ಎರಡು ವರ್ಷದೊಳಗೆ ಸಭೆಯ ನಿಯಮಾವಳಿಯಲ್ಲಿ ಏನು ಬದಲಿಸಬೇಕೆಂದಿದ್ದೀರಿ? ಈ ಕೊನೆಯ ಪ್ರಶ್ನೆಯನ್ನು ಸಮಿತಿಗಳು ಮರೆಯುತ್ತವೆ. ಕ್ಯಾಲ್ವಿನಿಸಂ ಜೊತೆಗೆ ಹಲವು ಸಲ ಹಿರಿಯರ ಮಂಡಳಿಯ ಆಡಳಿತವೂ ಬರುತ್ತದೆ. ಇಡೀ ಸಭೆ ಮತ ಹಾಕಿ ನಿರ್ಧರಿಸಿ ರೂಢಿಯಾದವರಿಗೆ ಆಯ್ಕೆಯ ತತ್ತ್ವಕ್ಕಿಂತ ಅದೇ ಹೆಚ್ಚು ಚುಚ್ಚುತ್ತದೆ.

ಸಭೆ ಒಡೆಯುವುದು ಬಹುಮಟ್ಟಿಗೆ ಮುಚ್ಚಿಟ್ಟದ್ದರಿಂದ. ಅಭ್ಯರ್ಥಿ ಬಾಯಿ ಬಿಡಲಿಲ್ಲ, ಸಮಿತಿ ಕೇಳಲಿಲ್ಲ, ಆರು ತಿಂಗಳ ನಂತರ ಪ್ರಸಂಗದಲ್ಲಿ ಹೊರಬಂತು. ಆಗ ಮೇಲಿನಿಂದ ಯಾರೂ ಬಂದು ತೀರ್ಪು ಕೊಡುವುದಿಲ್ಲ: ಪಾಸ್ಟರನ್ನು ನೇಮಿಸುವ, ತೆಗೆಯುವ ಅಧಿಕಾರ ಕನ್ವೆನ್ಷನ್‌ಗೆ ಇಲ್ಲ. ಆದ್ದರಿಂದ ಒಪ್ಪಿದ ಉತ್ತರಗಳನ್ನು ಬರೆದು, ಮತಕ್ಕೆ ಹಾಕುವ ಮುಂಚೆ ಇಡೀ ಸಭೆಗೆ ಓದಿಹೇಳಿ.

ಪ್ರಶ್ನೆ: ಒಮ್ಮೆ ಸಿಕ್ಕ ರಕ್ಷಣೆ ಹೋಗುತ್ತದೆಯೇ? ಇದರಲ್ಲಾದರೂ ಎಲ್ಲ ಬ್ಯಾಪ್ಟಿಸ್ಟರು ಒಂದೇ ತಾನೇ?

ಉತ್ತರ: ಇಲ್ಲ. ಸದರ್ನ್ ಬ್ಯಾಪ್ಟಿಸ್ಟರ ದಾಖಲೆ, ನಿಜವಾದ ವಿಶ್ವಾಸಿಗಳು ಕೊನೆಯವರೆಗೂ ನಿಲ್ಲುತ್ತಾರೆ ಎನ್ನುತ್ತದೆ. ಮನುಷ್ಯನ ಸ್ವತಂತ್ರ ಇಚ್ಛೆಗೆ ಒತ್ತು ಕೊಡುವ ಬೇರೊಂದು ಪಂಗಡವಾದ ಫ್ರೀ ವಿಲ್ ಬ್ಯಾಪ್ಟಿಸ್ಟರು ಇಬ್ರಿಯರಿಗೆ 6:4–6ನ್ನು ಮುಂದಿಟ್ಟು, ನಂಬಿದವನು ನಂಬಿಕೆಯನ್ನೇ ತೊರೆಯಬಲ್ಲ, ಆಗ ರಕ್ಷಣೆಯೂ ಹೋಗುತ್ತದೆ ಎನ್ನುತ್ತಾರೆ. ರಕ್ಷಣೆ ಹೋಗದು ಎಂದು ಒಪ್ಪುವವರ ನಡುವೆಯೂ ಒಂದು ಸಣ್ಣ ವ್ಯತ್ಯಾಸವಿದೆ. ಸಭೆ ಬಿಟ್ಟು ಇಪ್ಪತ್ತು ವರ್ಷವಾದ ಮಗನ ಬಗ್ಗೆ ತಾಯಿ ಕೇಳಿದರೆ, ಒಬ್ಬ ಪಾಸ್ಟರ್ ‘ಹತ್ತನೆಯ ವಯಸ್ಸಿನಲ್ಲಿ ಪ್ರಾರ್ಥಿಸಿದನಲ್ಲ, ಹೆದರಬೇಡಮ್ಮಾ’ ಎನ್ನುತ್ತಾರೆ. ಕ್ಯಾಲ್ವಿನಿಸ್ಟ್ ಪಾಸ್ಟರ್ ‘ಆಗ ನಿಜವಾಗಿ ನಂಬಿದ್ದನೋ ಇಲ್ಲವೋ ತಿಳಿಯದು, ಈಗಲೂ ಅವನಿಗೆ ಸುವಾರ್ತೆ ಹೇಳೋಣ’ ಎನ್ನುತ್ತಾರೆ.