ಮರೆವಿನ ಕಾಯಿಲೆ ಇರುವ ಅಮ್ಮನನ್ನು ಮನೆಯಲ್ಲೇ ನೋಡಿಕೊಳ್ಳುವುದೋ, ಮನೆ ಥರ ಇರುವ ವೃದ್ಧಾಶ್ರಮ ಹುಡುಕುವುದೋ?

ಅಮ್ಮನ ಬಗ್ಗೆ ಈ ಪ್ರಶ್ನೆ ಕೇಳಿದ ನಿಮ್ಮ ಪತ್ರದಲ್ಲಿ "ಎಲ್ಲಿ ಬಿದ್ದುಬಿಡುತ್ತಾಳೋ ಅನ್ನೋ ಭಯಕ್ಕೆ ನಿದ್ದೆ ಬರಲ್ಲ" ಅಂತ ಬರೆದಿದ್ದೀರಲ್ಲ, ಆ ಸಾಲು ಓದಿ ಸುಮ್ನೆ ಇರಲಾಗಲಿಲ್ಲ. ನಮ್ಮ ಮನೆಯಲ್ಲೂ ಎಲ್ಲ ಶುರುವಾಗಿದ್ದು ಅದೇ ಭಯದಿಂದ.

ನಾವು ಕಾರವಾರದವರು. ಮನೆಮಾತು ಕೊಂಕಣಿ. ಅಮ್ಮ ಅಂದರೆ ದಿನಾ ಮೀನು ಮಾರ್ಕೆಟ್ಟಿಗೆ ತಾನೇ ಹೋಗಿ, ಬಂಗಡೆಯ ಕಿವಿರು ಎತ್ತಿ ನೋಡಿ, ಕೆಂಪಗಿಲ್ಲದಿದ್ದರೆ ಮಾರುವವಳ ಹತ್ತಿರ ಜಗಳ ಆಡಿಯೇ ಬರುವ ಹೆಂಗಸು. ಮರೆವು ಬಂದಾಗ ಮೊದಲು ಒಲೆ ಮರೆತಳು, ಆಮೇಲೆ ದಾರಿ. ನಾನೂ ನನ್ನ ಹೆಂಡತಿಯೂ ಕೆಲಸಕ್ಕೆ ಹೋಗುವವರು. ಒಂದು ಸಲ ಬಚ್ಚಲಲ್ಲಿ ಜಾರಿದಳು. ಮೂಳೆ ಮುರಿಯಲಿಲ್ಲ, ಆದರೆ ನಮ್ಮ ಧೈರ್ಯ ಹೋಯಿತು. ಘಟ್ಟದ ಮೇಲಿನ ಒಂದು ಆರೈಕೆ ಕೇಂದ್ರಕ್ಕೆ ಸೇರಿಸಿದೆವು. ಹೊಳೆಯುವ ನೆಲ, ನರ್ಸ್, ಮೂಲೆಮೂಲೆಗೂ ಕ್ಯಾಮೆರಾ. ಇನ್ನೇನು ಬೇಕು ಅನ್ನಿಸಿತು.

ಸೇರಿಸುವಾಗ ಒಂದು ಫಾರ್ಮ್ ಕೊಟ್ಟರು. ಬಿಪಿ, ಶುಗರ್, ಯಾವ ಮಾತ್ರೆ, ಯಾರಿಗೆ ಫೋನ್ ಮಾಡಬೇಕು. ತುಂಬಿ ಕೊಟ್ಟೆ. "ಬೇರೇನಾದರೂ ಹೇಳೋದಿದೆಯಾ?" ಅಂತ ಕೇಳಿದರು. ನಾನು ಹೇಳಿದ್ದು ಒಂದೇ ಮಾತು: "ಅಮ್ಮ ಬೀಳಬಾರದು, ಅಷ್ಟು ನೋಡಿಕೊಳ್ಳಿ."

ಈ ಒಂದು ಮಾತು ಏನು ಮಾಡಿತು ಅಂತ ಬಿಡಿಸಿ ಹೇಳಬೇಕು, ಯಾಕೆಂದರೆ ನೀವೂ ಇದನ್ನೇ ಹೇಳುತ್ತೀರಿ. ಕೈಗೊಬ್ಬರು ಕಾಲಿಗೊಬ್ಬರು ಅಂತ ಸಿಬ್ಬಂದಿ ಯಾವ ಕೇಂದ್ರದಲ್ಲೂ ಇರುವುದಿಲ್ಲ. ಒಬ್ಬಳೇ ಆಯಾ ಒಂದು ಸಾಲು ಮಂಚಗಳನ್ನು ನೋಡಿಕೊಳ್ಳಬೇಕು. ಅವಳಿಗೆ ಒಬ್ಬರನ್ನು ಬೀಳದ ಹಾಗೆ ಕಾಯಲು ಇರುವ ಸುಲಭದ ದಾರಿ, ಏಳದ ಹಾಗೆ ಕೂರಿಸುವುದು. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಮುಂದೆ ಒಂದು ಅಡ್ಡ ಹಲಗೆ ಹಾಕಿದರು. ತಾನೇ ಬಚ್ಚಲಿಗೆ ಹೋಗುತ್ತಿದ್ದವಳಿಗೆ ಡೈಪರ್ ಹಾಕಿದರು, ಯಾಕೆಂದರೆ ಪ್ರತಿ ಸಲ ಕರೆದುಕೊಂಡು ಹೋಗಲು ಜನ ಇಲ್ಲ, ಹೋಗುವಾಗ ಬಿದ್ದರೆ ನಾವು ಕೇಳುತ್ತೇವೆ. ಕತ್ತಲಾಗುವ ಮೊದಲೇ ಕಂಬಿ ಇರುವ ಮಂಚ. ಯಾರೂ ಕೆಟ್ಟವರಲ್ಲ, ಯಾರೂ ಬೈಯಲಿಲ್ಲ. ನಾನು ಕೇಳಿದ್ದನ್ನೇ ಅವರು ಕೊಟ್ಟರು. ವಿಡಿಯೋ ಕಾಲ್ ಮಾಡಿದಾಗ ತಲೆ ಬಾಚಿ, ಶುಭ್ರ ಸೀರೆ ಉಡಿಸಿ ಕೂರಿಸಿರುತ್ತಿದ್ದರು, ನಮಗೆ ಸಮಾಧಾನ ಆಗುತ್ತಿತ್ತು. ಒಳಗೆ ಕಾಲು ಸೋಲುತ್ತಿದ್ದದ್ದು ಕ್ಯಾಮೆರಾದಲ್ಲಿ ಕಾಣುವುದಿಲ್ಲ ನೋಡಿ. ಆರೋಗ್ಯವಾಗಿದ್ದ ವಯಸ್ಸಾದವರನ್ನು ಬರೀ 10 ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದ ಅಮೆರಿಕದ ಅಧ್ಯಯನವೊಂದು 2007ರಲ್ಲಿ ಬಂತು. ಅಷ್ಟಕ್ಕೇ ಕಾಲುಗಳಲ್ಲಿ ಹೆಚ್ಚುಕಡಿಮೆ 1 ಕಿಲೋದಷ್ಟು ಸ್ನಾಯು ಕರಗಿತ್ತು. ಅಮ್ಮನದು ತಿಂಗಳುಗಟ್ಟಲೆ. ಒಂದು ಭೇಟಿಯಲ್ಲಿ ಎಬ್ಬಿಸಿ ನಿಲ್ಲಿಸಲು ಹೋದೆ, ಮಂಡಿ ನಿಲ್ಲಲೇ ಇಲ್ಲ. ಬಲ ಇಲ್ಲದ ಕಾಲೇ ಜಾಸ್ತಿ ಬೀಳುತ್ತದೆ, ಕಂಬಿ ದಾಟಲು ಹೋದವರು ಇನ್ನೂ ಎತ್ತರದಿಂದ ಬೀಳುತ್ತಾರೆ ಅಂತೆಲ್ಲ ಗೊತ್ತಾಗಿದ್ದು ಆಮೇಲೆ.

ಊಟದ ಕತೆ ಇನ್ನೊಂದು. ಮರೆವು ಹೆಚ್ಚಾದಾಗ ಎಷ್ಟೋ ಸಲ ಆಮೇಲೆ ಕಲಿತ ಭಾಷೆ ಮೊದಲು ಹೋಗುತ್ತದೆ, ತೊಟ್ಟಿಲ ಭಾಷೆ ಉಳಿಯುತ್ತದೆ. ಅಮ್ಮನಿಗೆ ಕನ್ನಡ ಜಾರುತ್ತಿತ್ತು. ಬೆಳಿಗ್ಗೆ "ಪೇಜ್" ಕೇಳುತ್ತಿದ್ದಳು. ನಮ್ಮ ಕಡೆ ಪೇಜ್ ಅಂದರೆ ಕುಚಲಕ್ಕಿ ಗಂಜಿ ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಉಪ್ಪಿಟ್ಟು ಕೊಟ್ಟರು, ತಟ್ಟೆ ತಳ್ಳಿದಳು. ದಾಖಲೆಯಲ್ಲಿ "ಊಟಕ್ಕೆ ಹಟ" ಅಂತ ಬರೆದರು. ಹುಟ್ಟಿದಾಗಿನಿಂದ ಮೀನು ತಿಂದ ಬಾಯಿಗೆ ಮೂರು ಹೊತ್ತೂ ಸಾಂಬಾರು. ಹಟಕ್ಕೆ ಮಾತ್ರೆ ಬಂತು, ಮಾತ್ರೆಗೆ ಮಂಪರು ಬಂತು.

ಮನೆಗೆ ಕರೆತಂದೆವು. ಕೊಂಕಣಿ ಮಾತಾಡುವ ಒಬ್ಬ ಅಕ್ಕ ಹಗಲು ಬರುತ್ತಾರೆ. ಮೊದಲ ವಾರವೇ ಅವರು ಮೊರದ ತುಂಬ ಒಣ ಸಿಗಡಿ ಹಾಕಿಕೊಂಡು ಅಮ್ಮನ ಪಕ್ಕ ಕೂತರು. ಅಮ್ಮ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೈ ಹಾಕಿದಳು. ಹೆಬ್ಬೆರಳಲ್ಲಿ ತಲೆ ಚಿವುಟಿ ಎಡಕ್ಕೆ, ಬಾಲ ಮುರಿದು ಅದೂ ಎಡಕ್ಕೆ, ಉಳಿದದ್ದು ಬಲಕ್ಕೆ. ನನ್ನ ಹೆಸರು ಮರೆತವಳ ಕೈ ಒಂದೂ ತಪ್ಪಲಿಲ್ಲ. ಕೈ ಕಲಿತದ್ದು ತಲೆ ಕಲಿತದ್ದಕ್ಕಿಂತ ಜಾಸ್ತಿ ದಿನ ಉಳಿಯುತ್ತದೆ, ಅದಕ್ಕೇ ಕೆಲಸ ಕೊಡಿ ಅನ್ನುವುದು. ಈಗ ಕೈ ಹಿಡಿದರೆ ಅಂಗಳದ ತುಳಸಿಯವರೆಗೆ ನಡೆಯುತ್ತಾಳೆ. ಒಬ್ಬಳೇ ಬಚ್ಚಲಿಗೆ ಹೋಗುವ ಶಕ್ತಿ ಮಾತ್ರ ವಾಪಸ್ ಬರಲಿಲ್ಲ.

ಹಾಗಂತ ಮನೆಯೇ ಮೇಲು ಅಂತ ನಾನು ಹೇಳುವುದಿಲ್ಲ. ಮನೆಯೋ ಆಶ್ರಮವೋ ಅನ್ನುವ ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ಬೆಳಗಿಂದ ರಾತ್ರಿವರೆಗೆ ಟಿವಿ ಮುಂದೆ ಕೂರಿಸಿ ತಟ್ಟೆ ಮಾತ್ರ ತಂದಿಡುವ ಮನೆಗಳು ನಮ್ಮ ಓಣಿಯಲ್ಲೇ ಇವೆ. ಕುಮಟಾ ಕಡೆ ಪರಿಚಯದವರ ಅಪ್ಪ ಒಂದು ಸಣ್ಣ ಆಶ್ರಮದಲ್ಲಿ ಬೇಕಾದಾಗ ಎದ್ದು, ಗಿಡಕ್ಕೆ ನೀರು ಹಾಕಿ, ಆಮೇಲೆ ಚಹಾ ಕುಡಿಯುತ್ತಾರೆ. ಯಾವಾಗ ಏಳಬೇಕು, ಏನು ತಿನ್ನಬೇಕು ಅಂತ ತೀರ್ಮಾನ ಮಾಡುವವರು ಯಾರು ಅಂತ ನೋಡಿ. ನೆದರ್‌ಲ್ಯಾಂಡ್ಸ್‌ನ ವೀಸ್ಪ್ ಊರಲ್ಲಿ ಹೋಗೆವೇಕ್ ಅಂತ ಮರೆವಿನವರದೇ ಒಂದು ಬಡಾವಣೆ ಇದೆ. ಅಲ್ಲಿ ಒಂದೊಂದು ಮನೆಯಲ್ಲಿ ಆರೇಳು ಜನ. ಅಡುಗೆ ಆ ಮನೆಯಲ್ಲೇ ಆಗುತ್ತದೆ, ಒಗ್ಗರಣೆ ವಾಸನೆ ಹಾಸಿಗೆಗೇ ಬರುವಷ್ಟು ಹತ್ತಿರ ಅಂದುಕೊಳ್ಳಿ. ನಮ್ಮ 2007ರ ಹಿರಿಯ ನಾಗರಿಕರ ಕಾಯ್ದೆ ಬಡ ಹಿರಿಯರಿಗಾಗಿ ರಾಜ್ಯ ಸರ್ಕಾರ ಜಿಲ್ಲೆಗೊಂದಾದರೂ ವೃದ್ಧಾಶ್ರಮ ತೆರೆಯಬಹುದು ಅಂತ ಹೇಳುತ್ತದೆ, ಒಳ್ಳೆಯದೇ, ಆದರೆ ಒಂದೊಂದರಲ್ಲಿ ಕನಿಷ್ಠ 150 ಜನ ಅನ್ನುತ್ತದೆ. ಅಷ್ಟು ಜನರಿಗೆ ಒಟ್ಟಿಗೆ ಬೇಯಿಸಿ ಬಡಿಸುವ ಕಡೆ ನಿಮ್ಮಮ್ಮನಿಗೆ ಬೇಕಾದ ಗಂಜಿ ಯಾರು ಮಾಡುತ್ತಾರೆ?

ಆಶ್ರಮ ನೋಡಲು ಹೇಳದೆ ಹೋಗಿ, ಸಂಜೆ ಹೋಗಿ. ಬೆಳಿಗ್ಗೆ ಎಲ್ಲ ಕಡೆ ಚೆನ್ನಾಗಿಯೇ ಇರುತ್ತದೆ. ಐದೂವರೆಗೇ ಎಷ್ಟು ಜನ ಹಾಸಿಗೆ ಸೇರಿದ್ದಾರೆ ನೋಡಿ. ಕೊಬ್ಬರಿ ತುರಿಯಲು, ಸೊಪ್ಪು ಬಿಡಿಸಲು ಅಮ್ಮನನ್ನು ಅಡುಗೆಮನೆಗೆ ಬಿಡುತ್ತೀರಾ ಅಂತ ಕೇಳಿ. ನಕ್ಕುಬಿಟ್ಟರೆ ಎದ್ದು ಬನ್ನಿ. ಅಮ್ಮನ ಬಗ್ಗೆ ಒಂದು ಹಾಳೆ ಬರೆದುಕೊಡಿ: ಯಾವ ಭಾಷೆ, ಯಾವ ಮೀನು, ಸ್ನಾನ ಬೆಳಿಗ್ಗೆಯೋ ಸಂಜೆಯೋ, ಯಾವ ದೇವರು, ಏನಕ್ಕೆ ಸಿಟ್ಟು. ಅದರ ಕೆಳಗೆ ದಪ್ಪಕ್ಷರದಲ್ಲಿ "ದಿನಾ ನಡೆಸಿ. ನಡೆಯುವಾಗ ಬಿದ್ದರೆ ನಾವು ನಿಮ್ಮನ್ನು ದೂರುವುದಿಲ್ಲ" ಅಂತ ಬರೆದು ಸಹಿ ಹಾಕಿ. ಇದು ಕಷ್ಟ, ನನಗೆ ಗೊತ್ತು. ಆದರೆ ಸಿಬ್ಬಂದಿ ಕಟ್ಟಿ ಕೂರಿಸುವುದು ನಮ್ಮ ಬೈಗುಳಕ್ಕೆ ಹೆದರಿ.

ಮನೆಯಲ್ಲೇ ಅಂತಾದರೆ ಬಚ್ಚಲಿಗೆ ಹಿಡಿಕೆ ಹಾಕಿಸಿ, ರಾತ್ರಿ ಸಣ್ಣ ದೀಪ ಇರಲಿ, ಜಾರುವ ಚಾಪೆ ತೆಗೆದುಹಾಕಿ. ಹಿರಿಯರ ಸಹಾಯವಾಣಿ 14567, ದುಡ್ಡಿಲ್ಲದ ಕರೆ. ಇನ್ನು ಮುಂಬೈಯಲ್ಲಿರುವ ಅಣ್ಣ ಹಣ ಕಳಿಸುತ್ತಾನೆ ಅಂದಿರಿ. ಹಣ ಸಾಲದು. ವರ್ಷಕ್ಕೆ ಒಂದೆರಡು ತಿಂಗಳು ಅವನೇ ಬಂದು ಇರಲಿ, ಅಷ್ಟು ದಿನ ನೀವು ಬೇರೆ ಕಡೆ ಹೋಗಿ ಮಲಗಿ. ಅಮ್ಮನನ್ನು ಎಲ್ಲಿ ಇಡಬೇಕು ಅನ್ನುವ ಮಾತು ಅವನ ಜೊತೆ ಆಮೇಲೆ ಆಡಿ.