ಕಪ್ಪು ಪರದೆಗೆ ಮರುಸ್ಥಾಪನೆ ಮದ್ದಲ್ಲ

ಪ್ರಶ್ನೆ: ವಿಂಡೋಸ್ ಇರುವ ಲ್ಯಾಪ್‌ಟಾಪಿನಲ್ಲೇ ಉಬುಂಟು ಲಿನಕ್ಸ್ ಕೂಡ ಹಾಕಿಕೊಂಡೆ. ಪೆನ್‌ಡ್ರೈವ್‌ನಿಂದ ‘ಸೇಫ್ ಗ್ರಾಫಿಕ್ಸ್’ ಆರಿಸಿ ನೋಡಿದಾಗ ಎಲ್ಲವೂ ಸರಿಯಿತ್ತು. ಇನ್‌ಸ್ಟಾಲ್ ಮುಗಿದ ಮೇಲೆ ಮಾತ್ರ ಲೋಗೊ ಬಂದು ಪರದೆ ಕಪ್ಪಾಗುತ್ತದೆ. ಫ್ಯಾನ್ ತಿರುಗುತ್ತಲೇ ಇರುತ್ತದೆ. ಎರಡು ಸಲ ಅಳಿಸಿ ಹಾಕಿದರೂ ಅದೇ ಕಥೆ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದೆ. ಮತ್ತೊಮ್ಮೆ ಹಾಕಲೇ, ಬೇರೆ ಲಿನಕ್ಸ್ ಹುಡುಕಲೇ?

ಉತ್ತರ: ಎರಡೂ ಬೇಡ. ಮೂರನೆಯ ಸಲ ಹಾಕಿದರೂ ಅದೇ ಕಾರ್ಡ್, ಅದೇ ಡ್ರೈವರ್, ಅದೇ ಕತ್ತಲು. ಏನಾದರೂ ಕೆಟ್ಟರೆ ಅಳಿಸಿ ಹೊಸದಾಗಿ ಹಾಕುವ ಚಾಳಿಯನ್ನು ಲಿನಕ್ಸಿಗೆ ಬಂದ ಮೇಲಾದರೂ ಬಿಡಬೇಕು. ಎಲ್ಲಿ ನಿಂತಿತು ಎಂಬುದನ್ನು ಪತ್ತೆ ಹಚ್ಚಿದರೆ ಅರ್ಧ ಕೆಲಸ ಮುಗಿದಂತೆ.

ಉತ್ತರದ ಸುಳಿವು ನಿಮ್ಮ ಪ್ರಶ್ನೆಯಲ್ಲೇ ಇದೆ. ‘ಸೇಫ್ ಗ್ರಾಫಿಕ್ಸ್’ ಆರಿಸಿದಾಗ ಕರ್ನಲ್‌ಗೆ, ಅಂದರೆ ಲಿನಕ್ಸಿನ ತಿರುಳಿಗೆ, ‘ನೊಮೋಡ್‌ಸೆಟ್’ (nomodeset) ಎಂಬ ಸೂಚನೆ ಹೋಗುತ್ತದೆ. ಅದಿಲ್ಲದಿದ್ದರೆ ಕರ್ನಲ್ ಆರಂಭದಲ್ಲೇ ಪರದೆಯ ಹೊಣೆ ತಾನು ವಹಿಸಿಕೊಂಡು, ಎನ್‌ವಿಡಿಯಾ ಕಾರ್ಡ್‌ಗೆ ‘ನೂವೋ’ ಎಂಬ ಮುಕ್ತ ಡ್ರೈವರನ್ನು ಎಬ್ಬಿಸುತ್ತದೆ. ಕೆಲವು ಕಾರ್ಡ್‌ಗಳ ಜೊತೆ, ಅದರಲ್ಲೂ ಹೊಸತರ ಜೊತೆ, ಅದಕ್ಕೆ ಹೊಂದಿಕೆಯಾಗುವುದಿಲ್ಲ. ಒಳಗೆ ಉಬುಂಟು ಬಹುಶಃ ಎದ್ದು ಕುಳಿತಿದೆ. ನಿಮಗೆ ಕಾಣುತ್ತಿಲ್ಲ, ಅಷ್ಟೇ.

ಯಂತ್ರ ಆನ್ ಮಾಡಿ, ತಯಾರಕರ ಲೋಗೊ ಮರೆಯಾಗುತ್ತಿದ್ದಂತೆ ಎಸ್ಕೇಪ್ ಕೀಲಿ ಒತ್ತಿ ಗ್ರಬ್ ಮೆನು, ಅಂದರೆ ಯಾವ ವ್ಯವಸ್ಥೆ ಎಬ್ಬಿಸಬೇಕೆಂದು ಕೇಳುವ ಪಟ್ಟಿ, ತರಿಸಿಕೊಳ್ಳಿ. ಅವಸರದಲ್ಲಿ ಹೆಚ್ಚು ಸಲ ಒತ್ತಿದರೆ ಮೆನುವಿನ ಬದಲು ‘ಗ್ರಬ್’ ಎಂದು ಬರೆದ ಖಾಲಿ ಸಾಲು ಬರುತ್ತದೆ. ಗಾಬರಿ ಬೇಡ, ‘ರೀಬೂಟ್’ ಎಂದು ಟೈಪಿಸಿ ಮತ್ತೆ ಪ್ರಯತ್ನಿಸಿ. ಮೆನು ಬಂದಾಗ ಮೊದಲ ಸಾಲಿನ ಮೇಲೆ ನಿಂತು ‘ಇ’ ಕೀಲಿ ಒತ್ತಿ. ಬರುವ ಪಠ್ಯದಲ್ಲಿ ‘ಲಿನಕ್ಸ್’ ಎಂದು ಶುರುವಾಗುವ ಉದ್ದನೆಯ ಸಾಲಿನ ಕೊನೆಯಲ್ಲಿ ‘ಕ್ವೈಟ್ ಸ್ಪ್ಲ್ಯಾಶ್’ ಎಂದಿರುತ್ತದೆ. ಅದರ ಮುಂದೆ ಒಂದು ಜಾಗ ಬಿಟ್ಟು ‘ನೊಮೋಡ್‌ಸೆಟ್’ ಸೇರಿಸಿ ಎಫ್10 ಒತ್ತಿ. ಈ ತಿದ್ದುಪಡಿ ಈ ಒಂದು ಸಲಕ್ಕೆ ಮಾತ್ರ. ತಪ್ಪಾಗಿ ಟೈಪಿಸಿದರೂ ಮುಂದಿನ ಸಲ ಎಲ್ಲವೂ ಮೊದಲಿನಂತೆಯೇ ಇರುತ್ತದೆ.

ಪರದೆ ಬರುತ್ತದೆ, ಆದರೆ ಅಕ್ಷರಗಳು ದಪ್ಪದಪ್ಪವಾಗಿ ಕಾಣಬಹುದು. ಅಲ್ಲಿಗೇ ತೃಪ್ತರಾಗಿ ‘ನೊಮೋಡ್‌ಸೆಟ್’ ಅನ್ನು ಕಾಯಂ ಮಾಡಿಕೊಳ್ಳುವವರಿದ್ದಾರೆ. ಹಾಗೆ ಮಾಡಿದರೆ ದುಡ್ಡು ಕೊಟ್ಟು ತಂದ ಕಾರ್ಡ್ ಸುಮ್ಮನೆ ಕೂರುತ್ತದೆ. ‘ಅಡಿಷನಲ್ ಡ್ರೈವರ್ಸ್’ ಆ್ಯಪ್ ತೆರೆದು, ಎನ್‌ವಿಡಿಯಾದವರದೇ ಡ್ರೈವರ್‌ಗಳಲ್ಲಿ ‘ಟೆಸ್ಟೆಡ್’ ಎಂದು ಗುರುತಿಸಿದ್ದನ್ನು ಆರಿಸಿ.

ಹೆಚ್ಚಿನವರು ಎಡವುವುದು ಇದರ ನಂತರ. ಸೆಕ್ಯೂರ್ ಬೂಟ್ (ಒಪ್ಪಿತ ಸಹಿಯಿಲ್ಲದ ತಂತ್ರಾಂಶವನ್ನು ಬೂಟ್ ವೇಳೆ ತಡೆಯುವ ವ್ಯವಸ್ಥೆ) ಚಾಲೂ ಇದ್ದರೆ ಒಂದು ಪಾಸ್‌ವರ್ಡ್ ಕೇಳಬಹುದು. ಕೇಳಿದರೆ ಮುಂದಿನ ಬೂಟ್‌ನಲ್ಲಿ ನೀಲಿ ಪರದೆಯೊಂದು ಸುಮಾರು 10 ಸೆಕೆಂಡ್ ನಿಲ್ಲುತ್ತದೆ. ಏನೋ ದೋಷ ಎಂದುಕೊಂಡು ಸುಮ್ಮನಿದ್ದರೆ ಕೆಲಸ ಕೆಟ್ಟಿತು! ಯಾವುದಾದರೂ ಕೀಲಿ ಒತ್ತಿ, ‘ಎನ್‌ರೋಲ್ ಮಾಕ್’ (ಡ್ರೈವರಿನ ಸಹಿ ಪರೀಕ್ಷಿಸುವ ಡಿಜಿಟಲ್ ಕೀಲಿಯ ನೋಂದಣಿ) ಆರಿಸಿ, ಅದೇ ಪಾಸ್‌ವರ್ಡ್ ಕೊಡಿ. ಅಲ್ಲಿ ಕೀಬೋರ್ಡ್ ಅಮೆರಿಕನ್ ವಿನ್ಯಾಸದಲ್ಲಿರುವುದರಿಂದ ಪಾಸ್‌ವರ್ಡಿನಲ್ಲಿ ವಿಶೇಷ ಚಿಹ್ನೆಗಳು ಬೇಡ. ಆ ಗಳಿಗೆ ತಪ್ಪಿದರೆ ಡ್ರೈವರಿನ ಸಹಿಯನ್ನು ಕರ್ನಲ್ ಒಪ್ಪುವುದಿಲ್ಲ, ಡ್ರೈವರ್ ಏಳುವುದಿಲ್ಲ. ಆಗ ‘ಮಾಕ್‌ಯುಟಿಲ್’ ಆಜ್ಞೆಯ ‘ಇಂಪೋರ್ಟ್’ ಆಯ್ಕೆಯಿಂದ ಅದೇ ಡಿಜಿಟಲ್ ಕೀಲಿಯನ್ನು ಮತ್ತೆ ಸಲ್ಲಿಸಬಹುದು.

ಸೆಕ್ಯೂರ್ ಬೂಟನ್ನೇ ಆಫ್ ಮಾಡಿ ಎಂಬ ಸಲಹೆಯೂ ನಿಮ್ಮ ಕಿವಿಗೆ ಬಿದ್ದಿರಬಹುದು. ವಿಂಡೋಸ್ ಭಾಗಕ್ಕೆ ಬಿಟ್‌ಲಾಕರ್ ಬೀಗ ಇದ್ದರೆ, ಆಫ್ ಮಾಡಿದ ಮೇಲೆ ಅದು 48 ಅಂಕಿಗಳ ರಿಕವರಿ ಕೀ ಕೇಳುವ ಸಾಧ್ಯತೆ ಹೆಚ್ಚು. ಆ ಕೀ ಕೈಯಲ್ಲಿಲ್ಲದೆ ಆ ದಾರಿ ಹಿಡಿಯಬೇಡಿ.

ಇಷ್ಟಾದರೂ ಕತ್ತಲೇ ಇದ್ದರೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಬರೀ ಅಕ್ಷರಗಳ ಲಾಗಿನ್ ಬಂದರೆ ಯಂತ್ರ ಬದುಕಿದೆ, ಗ್ರಾಫಿಕ್ಸ್ ಮಾತ್ರ ಬಿದ್ದಿದೆ ಎಂದರ್ಥ. ಲಾಗಿನ್ ಆಗಿ ‘ಜರ್ನಲ್‌ಸಿಟಿಎಲ್’ ಆಜ್ಞೆ ಓಡಿಸಿದರೆ ಯಂತ್ರದಲ್ಲಿ ಏನಾಯಿತೆಂಬ ದಾಖಲೆ ಸಿಗುತ್ತದೆ. ‘ಮೈನಸ್ ಬಿ’ ಮತ್ತು ‘ಮೈನಸ್ 1’ ಕೊಟ್ಟರೆ ಹಿಂದಿನ ಬೂಟ್‌ನದು. ಸಹಾಯ ಕೇಳುವಾಗ ಅದರಲ್ಲಿ ಎನ್‌ವಿಡಿಯಾ ಅಥವಾ ನೂವೋ ಹೆಸರಿರುವ ಸಾಲುಗಳನ್ನು ಕಳಿಸಿ. ‘ಕೆಲಸ ಮಾಡುತ್ತಿಲ್ಲ’ ಎಂದಷ್ಟೇ ಬರೆದರೆ ಯಾರೂ ಏನೂ ಹೇಳಲಾರರು.

ಪ್ರಶ್ನೆ: ಲಿನಕ್ಸಿನಿಂದ ವಿಂಡೋಸಿಗೆ ಹೋದಾಗಲೆಲ್ಲ ಗಡಿಯಾರ ಕೆಲವು ಗಂಟೆ ತಪ್ಪಿರುತ್ತದೆ. ಮದರ್‌ಬೋರ್ಡಿನ ಬ್ಯಾಟರಿ ಬದಲಿಸಿದರೂ ಹಾಗೆಯೇ. ಜೊತೆಗೆ, ವಿಂಡೋಸ್ ಡ್ರೈವಿನ ಫೈಲುಗಳನ್ನು ಲಿನಕ್ಸಿನಲ್ಲಿ ತೆರೆಯಬಹುದು, ಉಳಿಸಲಾಗುವುದಿಲ್ಲ.

ಉತ್ತರ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು; ಬ್ಯಾಟರಿಯದೇನೂ ತಪ್ಪಿಲ್ಲ. ಮದರ್‌ಬೋರ್ಡಿನ ಗಡಿಯಾರದಲ್ಲಿರುವುದು ಜಾಗತಿಕ ಸಮಯ, ಅಂದರೆ ಯುಟಿಸಿ, ಎಂದು ಲಿನಕ್ಸ್ ಭಾವಿಸುತ್ತದೆ. ವಿಂಡೋಸ್ ಅದನ್ನು ಸ್ಥಳೀಯ ಸಮಯ ಎನ್ನುತ್ತದೆ. ಲಿನಕ್ಸನ್ನು ಸ್ಥಳೀಯ ಸಮಯಕ್ಕೆ ಒಗ್ಗಿಸಬಹುದು, ಆದರೆ ಹಾಗೆ ಮಾಡಿದರೆ ಸಮಯ ಹೊಂದಿಸುವ ‘ಟೈಮ್‌ಡೇಟ್‌ಸಿಟಿಎಲ್’ ಆಜ್ಞೆ ತಾನೇ ಎಚ್ಚರಿಕೆ ಕೊಡುತ್ತದೆ. ನನ್ನ ಮತ ವಿಂಡೋಸನ್ನು ತಿದ್ದುವ ಕಡೆಗೆ: ವಿಂಡೋಸಿನ ಸೆಟ್ಟಿಂಗ್‌ಗಳ ಕಣಜವಾದ ರಿಜಿಸ್ಟ್ರಿಯ ‘ಟೈಮ್‌ಝೋನ್ ಇನ್‌ಫರ್ಮೇಶನ್’ ವಿಭಾಗದಲ್ಲಿ ‘ರಿಯಲ್ ಟೈಮ್ ಈಸ್ ಯೂನಿವರ್ಸಲ್’ ಎಂಬ ಡಿವರ್ಡ್ ಮೌಲ್ಯ ಸೃಷ್ಟಿಸಿ, ಹೆಸರಿನ ಪದಗಳ ನಡುವೆ ಜಾಗ ಬಿಡದೆ, 1 ಕೊಡಿ.

ಫೈಲು ಉಳಿಸಲಾಗದಿರುವುದಕ್ಕೆ ಸಾಮಾನ್ಯ ಕಾರಣ ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’. ಅದು ಚಾಲೂ ಇದ್ದಾಗ ‘ಶಟ್‌ಡೌನ್’ ಕೊಟ್ಟರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಡ್ರೈವನ್ನು ಹಿಡಿದುಕೊಂಡೇ ಇರುತ್ತದೆ. ಆದ್ದರಿಂದ ಲಿನಕ್ಸ್ ಅದನ್ನು ಓದಲಷ್ಟೇ ತೆರೆಯುತ್ತದೆ. ತಮಾಷೆಯೆಂದರೆ ‘ರೀಸ್ಟಾರ್ಟ್’ ಕೊಟ್ಟಾಗ ಮಾತ್ರ ಅದು ಪೂರ್ತಿ ಮುಚ್ಚುತ್ತದೆ. ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆದುಹಾಕಿ. ಅಲ್ಲಿಯವರೆಗೆ ಆ ಡ್ರೈವಿಗೆ ಬಲವಂತದಿಂದ ಬರೆಯುವ ಆಜ್ಞೆಗಳನ್ನು ಬಳಸಬೇಡಿ, ಫೈಲುಗಳು ಹಾಳಾದಾವು.